ಚಳಿಗಾಲದಲ್ಲಿ ಪುಣೆಯ ನರ್ಸರಿಯಿಂದ ಅಗ್ಲೋನಿಮಾ ತರಬೇಡಿ

ಪುಣೆಯಲ್ಲಿರುವವರಿಗೆಲ್ಲ ಒಂದು ಮಾತು. ಗಿಡಗಳನ್ನು ಬಯಲಲ್ಲೇ ಇಟ್ಟು ಮಾರುವ ನರ್ಸರಿಗಳಿಂದ ಚಳಿ ಮುಗಿಯುವವರೆಗೆ ಅಗ್ಲೋನಿಮಾ, ಆಂಥೂರಿಯಂ, ಕ್ಯಾಲಥಿಯಾದಂಥ ಮನೆಯೊಳಗಿಡುವ ಅಲಂಕಾರಿಕ ಗಿಡ ತರಬೇಡಿ. ಕೊಳ್ಳುವಾಗ ಗಿಡ ಚೆನ್ನಾಗೇ ಕಾಣುತ್ತದೆ. ಚಳಿಯ ಪೆಟ್ಟು ಬಿದ್ದಿರುವುದು ಗೊತ್ತಾಗುವುದು ಮನೆಗೆ ತಂದ ಮೇಲೆ.

ಜನವರಿಯಲ್ಲಿ ಸೋಲಾಪುರ ರಸ್ತೆಯ ಕಡೆಯ ಒಂದು ನರ್ಸರಿಯಿಂದ ಕೆಂಪು ಅಗ್ಲೋನಿಮಾ ತಂದೆ. ಎರಡು-ಮೂರು ದಿನಕ್ಕೆ ಎಲೆಗಳಲ್ಲಿ ಎಣ್ಣೆ ಬಿದ್ದ ಕಾಗದದಂಥ ಕಪ್ಪು ಮಚ್ಚೆ ಎದ್ದಿತು. ಆಮೇಲೆ ಒಂದೊಂದೇ ಎಲೆ ಜೋತುಬಿತ್ತು. ನರ್ಸರಿಗೆ ಫೋನ್ ಮಾಡಿದರೆ, "ಜಾಗ ಬದಲಾಯ್ತಲ್ಲ, ಹಾಗಾಗುತ್ತೆ. ಬಿಸಿಲಿಗಿಡಿ, ಚೆನ್ನಾಗಿ ನೀರು ಹಾಕಿ, ಒಂದು ಚಮಚ ಡಿಎಪಿ ಗೊಬ್ಬರ ಕೊಡಿ" ಅಂದರು. ಬದಲಿ ಗಿಡವೂ ಇಲ್ಲ, ದುಡ್ಡೂ ಇಲ್ಲ.

ಆ ಸಲಹೆ ಗಿಡವನ್ನೇ ಕೊಲ್ಲುತ್ತದೆ. ನನ್ನ ಜೊತೆಗೇ ಗಿಡ ತಂದಿದ್ದ ಗೆಳತಿ ಹೇಳಿದಂತೆಯೇ ಮಾಡಿದಳು. ಬುಡ ಕೊಳೆತು, ಮುಟ್ಟಿದರೆ ಕಾಂಡ ಕೈಗೇ ಬಂತು. ನನ್ನದು ಉಳಿದಿದ್ದು ಮೇಲಿನ ಮನೆಯ ಬೆಳಗಾವಿ ಕಾಕು ಅವರಿಂದ. "ನೀರು ಹಾಕಬ್ಯಾಡವಾ, ಥಂಡ್ಯಾಗ ಬೇರು ನೀರು ಕುಡಿಯಂಗಿಲ್ಲ" ಅಂದರು.

ಇದು ರೋಗ ಅಲ್ಲ. ಅಗ್ಲೋನಿಮಾ ಆಗ್ನೇಯ ಏಷ್ಯಾದ ಬೆಚ್ಚನೆಯ ಕಾಡಿನ ಗಿಡ. 15 ಡಿಗ್ರಿಗಿಂತ ಕೆಳಗಿಳಿದರೇ ಅದಕ್ಕೆ ಕಷ್ಟ. ಪುಣೆಯಲ್ಲಿ ಡಿಸೆಂಬರ್, ಜನವರಿ ರಾತ್ರಿ 10 ಡಿಗ್ರಿ ಆಗುವುದು ಮಾಮೂಲು. ಊರಿನ ಪಾಷಾಣ್ ಬಡಾವಣೆ, ಎನ್‌ಡಿಎ ಸೇನಾ ಅಕಾಡೆಮಿ ಕಡೆ ಇನ್ನೂ ಜಾಸ್ತಿ ಚಳಿ. ನರ್ಸರಿಯ ಹಸಿರು ನೆಟ್ ಬಿಸಿಲು ತಡೆಯುತ್ತದೆ, ಚಳಿಯನ್ನಲ್ಲ. ಎಲೆಯೊಳಗಿನ ಜೀವಕೋಶದ ಪೊರೆ ಕೆಟ್ಟು ನೀರು ಸೋರುತ್ತದೆ, ಅದೇ ಆ ಮಚ್ಚೆ. ಮುಂಬೈ, ಗೋವಾದ ನೆಂಟರು "ನಮ್ಮದು ವರ್ಷವಿಡೀ ಬಾಲ್ಕನಿಯಲ್ಲೇ ಇರುತ್ತೆ" ಅನ್ನಬಹುದು. ಅಲ್ಲಿ ಅಂಥ ಚಳಿಯೇ ಬೀಳುವುದಿಲ್ಲ, ಅಲ್ವಾ?

ಈಗಾಗಲೇ ತಂದು ಹೀಗಾಗಿದ್ದರೆ ಎಸೆಯಬೇಡಿ. ಮೊದಲು ಕಾಂಡ ಹಿಚುಕಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಒಳಗೆ ಬೆಚ್ಚಗಿರುವ, ಬೆಳಕಿರುವ ಕಡೆ ಇಡಿ, ನೇರ ಬಿಸಿಲು ಬೇಡ. ಲೋಳೆಯಾದ ಎಲೆಗಳನ್ನು ಮಾತ್ರ ಕತ್ತರಿಸಿ ಕೈ ತೊಳೆದುಕೊಳ್ಳಿ, ಅದರ ರಸ ತುರಿಸುತ್ತದೆ. ಅರ್ಧ ಹಸಿರಿರುವ ಎಲೆ ಇರಲಿ; ಕಪ್ಪಾದ ಭಾಗ ಮತ್ತೆ ಹಸಿರಾಗದಿದ್ದರೂ ಉಳಿದರ್ಧ ಗಿಡಕ್ಕೆ ಅನ್ನ ಮಾಡುತ್ತದೆ. ಬೆರಳಿನ ಎರಡು ಗೆಣ್ಣು ಆಳದವರೆಗೆ ಮಣ್ಣು ಒಣಗದೆ ನೀರು ಹಾಕಬೇಡಿ. ಹೊಸ ಎಲೆ ಬರುವ ತನಕ ಗೊಬ್ಬರದ ಮಾತೇ ಬೇಡ. ಬುಡ ಮೆತ್ತಗಾಗಿ ತುದಿ ಗಟ್ಟಿ ಇದ್ದರೆ, ಆ ತುದಿಯನ್ನು ಕತ್ತರಿಸಿ ನೀರಲ್ಲಿಡಿ, ಬೇರು ಬಿಡುತ್ತದೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತೆ ಅಂತೀವಲ್ಲ, ನನ್ನ ಗಿಡ ಸುಳಿ ಬಿಟ್ಟಿದ್ದೂ ಆಮೇಲೆಯೇ. ಅಲ್ಲಿಯವರೆಗೆ ಸುಮ್ನೆ ಕಾಯಬೇಕು.

ಚಳಿಯಲ್ಲೇ ಕೊಳ್ಳಲೇಬೇಕು ಅಂದರೆ ರಾತ್ರಿ ಗಿಡಗಳನ್ನು ಎಲ್ಲಿಡುತ್ತಾರೆ ಅಂತ ಕೇಳಿ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಕಡೆ ಒದ್ದೆಯಂತೆ ಕಂಡರೂ ಅಲ್ಲೇ ಬಿಟ್ಟು ಬನ್ನಿ.