ಡೊಂಬಿವಲಿಯ ಭಜನಾ ಮಂದಿರದ ಚಿತ್ರಶಾಲೆ: ಮಳೆ ಮುಗಿದ ಮೇಲೆ ಸೇರಿ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಕನ್ನಡಿಗರದೇ ಒಂದು ಭಜನಾ ಮಂದಿರವಿದೆ. ಅದರ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಮೈಸೂರು ಶೈಲಿಯ ಚಿತ್ರ ಬರೆಯುತ್ತಾರೆ. ಕಲಿಕೆಗೆ ಶುಲ್ಕವಿಲ್ಲ, ಹಲಗೆ, ಬಣ್ಣ, ಚಿನ್ನದ ರೇಕಿನ (ತೆಳು ಹಾಳೆಯ) ಖರ್ಚು ಮಾತ್ರ ಬರೆಯುವವರದು. ಒಳಗೆ ಕಾಲಿಟ್ಟರೆ ಮನಸ್ಸು ನಿಧಾನವಾಗುತ್ತದೆ. ಅದಕ್ಕೆ ಕಾರಣ ಅಲಂಕಾರವಲ್ಲ, ಕೆಲಸ ಹಂಚಿಕೊಂಡಿರುವ ರೀತಿ: ಸಫೇದ, ಅಂದರೆ ಉಬ್ಬು ಕೆಲಸಕ್ಕೆ ಹಚ್ಚುವ ಬಿಳಿ ಲೇಪ, ಒಣಗುವ ಹೊತ್ತನ್ನು ಭಜನೆಗೆ ಬಿಟ್ಟಿದ್ದಾರೆ.

ಗೆರೆ ಎಳೆಯುವ ಮೊದಲು ಆಯಾ ದೇವತೆಯ ಧ್ಯಾನಶ್ಲೋಕ ಹೇಳಿಸುತ್ತಾರೆ. ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು ಎಂಬುದೆಲ್ಲ ಶ್ಲೋಕದಲ್ಲೇ ಇರುವುದರಿಂದ ಪ್ರಾರ್ಥನೆಯೇ ನಕ್ಷೆಯೂ ಆಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಶ್ಲೋಕಗಳ ಜೊತೆಗೆ ಚಿತ್ರ ಬರೆಸಿದ್ದು ಇದೇ ಪದ್ಧತಿ. ಮೊಬೈಲಿನ ಚಿತ್ರ ನೋಡಿ ನಕಲು ಮಾಡಲು ಬಿಡದಿರುವುದು ಇಲ್ಲಿಯ ಬಹಳ ಒಳ್ಳೆಯ ನಿಯಮ.

ಮುಂದಿನದು ಉಬ್ಬು ಕೆಲಸ. ಮೈಸೂರಿನದು ತಂಜಾವೂರಿನಷ್ಟು ದಪ್ಪವಲ್ಲ, ಬೆರಳಾಡಿಸಿದರೆ ಗೊತ್ತಾಗುವಷ್ಟು ತೆಳು. ಒಂದು ಪಾಲು ಗೋಂದಿಗೆ ಎರಡು ಪಾಲು ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕೆಡದಂತೆ ಒಂದು ಹನಿ ಲವಂಗದ ಎಣ್ಣೆ ಬಿಡಬೇಕು. ಅದರಲ್ಲಿ ಸತುವಿನ ಬಿಳಿ ಪುಡಿಯನ್ನು ನುಣ್ಣಗೆ ಅರೆದು, ಒಡವೆಗೂ ಸೆರಗಿನ ಅಂಚಿಗೂ ಕುಂಚದ ತುದಿಯಿಂದ ಮೂರು ನಾಲ್ಕು ತೆಳು ಲೇಪ ಕೊಡಬೇಕು. ಗೋಂದು ಹೆಚ್ಚಾದರೆ ಒಣಗುವಾಗ ಬಿಗಿದು ಬಿರುಕು ಬಿಡುತ್ತದೆ. ಕಡಿಮೆಯಾದರೆ ಉಜ್ಜಿದ ಬೆರಳಿಗೆ ಪುಡಿ ಹತ್ತುತ್ತದೆ. ಹಾಗಾಗಿ ಮೊದಲು ರಟ್ಟಿನ ಚೂರಿನ ಮೇಲೆ ಹಚ್ಚಿ ನೋಡುವುದು ಕ್ಷೇಮ. ಒಂದು ಲೇಪ ಹಾಕಿ, ಕುಂಚ ತೊಳೆದಿಟ್ಟು, ಎಲ್ಲರೂ ಹಜಾರಕ್ಕೆ ಹೋಗಿ ದೇವರನಾಮ ಹಾಡುತ್ತಾರೆ; ಬಂದು ಎರಡನೆಯದು. ಕಾಯುವುದು ಯಾರಿಗೂ ಬೇಸರವೆನಿಸುವುದಿಲ್ಲ.

ತೊಂದರೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗೋಂದು ಗಾಳಿಯ ತೇವ ಹೀರುತ್ತದೆ, ಭಜನೆ ಮುಗಿದರೂ ಲೇಪ ಹಸಿಯಾಗಿಯೇ ಇರುತ್ತದೆ. ಆಗ ಹೇರ್ ಡ್ರೈಯರ್ ಹಿಡಿಯುತ್ತಾರೆ, ಅದು ತಪ್ಪು: ಮೇಲ್ಪದರ ಬೇಗ ಬಿಗಿದು ಒಳಗೆ ತೇವ ಉಳಿಯುತ್ತದೆ, ವಾರ ಕಳೆಯುವುದರೊಳಗೆ ಬಿರುಕು. ಹಲಗೆಗಳನ್ನು ಗೋಡೆಗೆ ಒರಗಿಸಿಡುವುದರಿಂದ ಹಿಂಬದಿಗೆ ಬೂಷ್ಟು ಕೂಡ ಹಿಡಿಯುತ್ತದೆ. ಆ ನಾಲ್ಕು ತಿಂಗಳು ಇದ್ದಿಲಿನ ರೇಖಾಭ್ಯಾಸಕ್ಕೆ ಮೀಸಲಿಟ್ಟರೆ ಕೆಲಸವೂ ಕೆಡುವುದಿಲ್ಲ, ನೆಮ್ಮದಿಯೂ ಕೆಡುವುದಿಲ್ಲ. ಈಗಂತೂ ಮಳೆಗಾಲದಲ್ಲಿ ಇಲ್ಲಿ ಅವಸರವೇ ಕಾಣುತ್ತದೆ.

ಕೋಣೆಯೊಳಗೇ ಊದುಬತ್ತಿ ಹಚ್ಚುವುದನ್ನೂ ಬಿಡಬೇಕು. ರೇಕು ಅಂಟಿಸಲು ಸವರಿದ ಗೋಂದಿನ ಮೇಲೆ ಹೊಗೆಯೂ ಬೂದಿಯೂ ಕೂರುತ್ತವೆ. ದೀಪ, ಧೂಪ ಹಜಾರದಲ್ಲಿದ್ದರೆ ಸಾಕು, ಪರಿಮಳ ಹೇಗೂ ಒಳಗೆ ಬರುತ್ತದೆ.

ರೇಕಿನ ಕೆಲಸ ಚೊಕ್ಕ. ಫ್ಯಾನ್ ನಿಲ್ಲಿಸಿ, ರೇಕಿನ ಮೇಲೆ ತೆಳು ಕಾಗದ ಹಾಸಿ, ನುಣುಪುಗಲ್ಲಿನಿಂದ ಹಗುರವಾಗಿ ತೀಡಿಸುತ್ತಾರೆ. ಏಪ್ರಿಲ್, ಮೇ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವುದು ಹಿರಿಯರಿಗೆ ಕಷ್ಟ. ಈ ಭಾಗವನ್ನು ಬೆಳಗಿನ ಮೊದಲ ಗಂಟೆಗೆ ಇಟ್ಟಿರುವುದು ಒಳ್ಳೆಯ ಯೋಚನೆ. ಹೊಸಬರಿಗೆ ಕೊಡುವುದು ತಾಮ್ರ, ಸತು ಬೆರೆತ ನಕಲಿ ರೇಕು. ಈ ಹವೆಗೆ ಅದು ಕಪ್ಪಾಗುತ್ತದೆ, ಮೇಲೆ ವಾರ್ನಿಶ್ ಬೇಕೇ ಬೇಕು. ಅಭ್ಯಾಸಕ್ಕೆ ಅದು ಸಾಕು. ದೇವರಕೋಣೆಗೆಂದು ಬರೆಯುವವರು ಅಪ್ಪಟ ಚಿನ್ನದ ರೇಕನ್ನೇ ಕೇಳಿ ಪಡೆಯಿರಿ. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಅಂದು ಎಲ್ಲರೂ ಜೊತೆಗೆ ಕೂರುತ್ತಾರೆ, ಹೊಸಬರ ಚಿತ್ರವಾದರೂ ಅಷ್ಟೇ ಗೌರವ.

ನೆಲದ ಮೇಲೆ ಚಾಪೆ, ಮುಂದೆ ಇಳಿಜಾರು ಮಣೆ. ಮಂಡಿನೋವಿನವರಿಗೆ ಕುರ್ಚಿ ಇದೆ, ಆದರೆ ಆ ಎತ್ತರಕ್ಕೆ ಮೇಜಿಲ್ಲ. ದಾದರ್, ಮಾಟುಂಗದ ಕಡೆಯಿಂದ ಬರುವವರು ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲುಗಳ ವ್ಯತ್ಯಯ) ನೋಡಿಕೊಂಡು ಹೊರಡಿ. ತಡವಾದರೆ ರೇಕಿನ ಪಾಠ ತಪ್ಪುತ್ತದೆ.