ಕೊಡಗಿನ ಮಳೆಗೆ ಮೊಬೈಲೋ, ಒಂದೇ ಲೆನ್ಸಿನ ಕ್ಯಾಮೆರಾವೋ?

ಜುಲೈನಲ್ಲಿ ಮಡಿಕೇರಿಗೆ ಹೊರಟು, ಖುಷಿಗಾಗಿ ನಾಲ್ಕು ಚಿತ್ರ ತೆಗೆಯಬೇಕು ಎನ್ನುವವರಿಗೆ ಟ್ರೈಪಾಡ್, ಲೆನ್ಸುಗಳ ಚೀಲ ಯಾವುದೂ ಬೇಡ. ಜೇಬಿನಲ್ಲಿರುವ ಮೊಬೈಲ್ ಸಾಕೇ, ಝೂಮ್ ಇಲ್ಲದ 50 ಎಂಎಂ ಲೆನ್ಸ್ ಹಾಕಿದ ಕ್ಯಾಮೆರಾ ಬೇಕೇ ಎಂಬುದಷ್ಟೇ ಪ್ರಶ್ನೆ.

ನೆನೆಯುವ ಧೈರ್ಯದಲ್ಲಿ ಮೊಬೈಲೇ ಮುಂದು. ನೀರು, ದೂಳು ತಡೆಯುವ ಐಪಿ68 ದರ್ಜೆಯದಾದರೆ ಸೋನೆ ಮಳೆಗೆ ಅಷ್ಟಾಗಿ ಹೆದರಬೇಕಿಲ್ಲ. ಒದ್ದೆ ಪರದೆ ಬೆರಳಿಗೆ ಸ್ಪಂದಿಸದಿದ್ದರೆ ವಾಲ್ಯೂಮ್ ಗುಂಡಿ ಒತ್ತಿ ಕ್ಲಿಕ್ಕಿಸಿ. ಮಡಿಕೇರಿಯ ವೀಕ್ಷಣಾ ತಾಣ ರಾಜಾಸೀಟಿನ ಕೆಳಗೆ ಮಂಜು ತುಂಬಿದ ಕಣಿವೆಗೆ ಅದರ ಅಗಲ ನೋಟ ಚೆನ್ನಾಗಿ ಒಪ್ಪುತ್ತದೆ.

ಕ್ಯಾಮೆರಾದ ನಿಜವಾದ ಸುಖ ಕಾಫಿ ತೋಟದೊಳಗೆ. ಮರಗಳ ನೆರಳಿನಲ್ಲಿ ಮಧ್ಯಾಹ್ನವೂ ಮಬ್ಬುಗತ್ತಲು, ಹೆಚ್ಚು ಬೆಳಕು ಒಳಬಿಡುವ ಎಫ್/1.8 ಲೆನ್ಸ್ ಆ ಬೆಳಕಿನಲ್ಲೂ ಕೆಲಸ ಮಾಡುತ್ತದೆ. ಮೆಣಸಿನ ಬಳ್ಳಿಯ ಎಲೆಯ ತುದಿಯಲ್ಲಿ ಹನಿ ಉಬ್ಬುತ್ತದೆ, ಕ್ಷಣಕಾಲ ತೂಗುತ್ತದೆ, ಕಳಚುತ್ತದೆ. ಷಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/500 ಸೆಕೆಂಡ್ ಇದ್ದರೆ ಬೀಳುವ ಹನಿ ಹನಿಯಾಗಿಯೇ ಕಾಣುತ್ತದೆ. 1/30ಕ್ಕೆ ಇಳಿಸಿದರೆ ಮಳೆ ಗೆರೆಗೆರೆಯಾಗುತ್ತದೆ. ಹಿಂದೆ ಕಡು ಹಸಿರಿದ್ದರೆ ಆ ಗೆರೆಗಳ ಚೆಲುವೇ ಬೇರೆ! ಮೊಬೈಲಿನ ಸ್ವಯಂಚಾಲಿತ ವಿಧಾನದಲ್ಲಿ ಈ ಹಿಡಿತ ಸಿಗುವುದಿಲ್ಲ.

ಮಂಜನ್ನು ಎರಡೂ ಬೂದಿಬಣ್ಣ ಮಾಡುತ್ತವೆ. ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಸಿಗುವ ಬೆಳಕು, ಸ್ವಲ್ಪ ಏರಿಸಿ.

ಆರೈಕೆ ಹೆಚ್ಚು ಬೇಡುವುದು ಕ್ಯಾಮೆರಾ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಹಬೆ ಕಟ್ಟುತ್ತದೆ, ಚೀಲದಲ್ಲಿಯೇ ಸ್ವಲ್ಪ ಹೊತ್ತು ಬಿಡಬೇಕು. ಒದ್ದೆಯಾಗಿಯೇ ಎತ್ತಿಟ್ಟರೆ ಬೂಷ್ಟು ಖಂಡಿತ. ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬದಲ್ಲಿಡಿ.

ಮಾಂದಲಪಟ್ಟಿ ಬೆಟ್ಟದ ಗಾಳಿಮಳೆಗೆ ಮೊಬೈಲನ್ನಷ್ಟೇ ಒಯ್ಯಿರಿ. ಹೋಮ್‌ಸ್ಟೇ ಜಗಲಿಯಲ್ಲಿ ಕುಳಿತು ಇಡೀ ಮಧ್ಯಾಹ್ನ ಮಳೆ ನೋಡುವ ವ್ಯವಧಾನವಿದ್ದರೆ, ನನ್ನ ಮತ ಕ್ಯಾಮೆರಾಕ್ಕೆ.