ಕಾಪಿ ಪತ್ತೆಗೆ ಯಾವುದು ಸರಿ: ಸಾಫ್ಟ್‌ವೇರೋ, ಎದುರು ಕೂತು ಮಾತೋ?

ಪ್ರಬಂಧ ವಿದ್ಯಾರ್ಥಿಯೇ ಬರೆದದ್ದಾ ಎಂಬ ಅನುಮಾನ ಬಂದರೆ ಶಿಕ್ಷಕರಿಗೆ ಮೂರು ದಾರಿಗಳಿವೆ.

ಟರ್ನಿಟಿನ್‌ನಂಥ ಸಾಫ್ಟ್‌ವೇರ್ ಬರಹವನ್ನು ವೆಬ್ ಪುಟಗಳು, ಹಳೆಯ ಅಸೈನ್‌ಮೆಂಟ್‌ಗಳ ಜೊತೆ ಹೋಲಿಸುತ್ತದೆ. ಯಾವ ಸಾಲು ಎಲ್ಲಿ ಸಿಕ್ಕಿತು ಎಂದು ತೋರಿಸುತ್ತದೆ. ಅದೇ ಇದರ ಬಲ. ಆದರೆ ಎಷ್ಟು ಭಾಗ ಹೋಲುತ್ತದೆ ಎಂದು ಅದು ಕೊಡುವ ಶೇಕಡಾ ಅಂಕಿ ನೋಡಿ ಸುಮ್ನೆ ತೀರ್ಪು ಕೊಡಬೇಡಿ. ಮೂಲ ಹೆಸರಿಸಿ ಬಳಸಿದ ಸಾಲುಗಳೂ ಅದರಲ್ಲಿ ಸೇರಿರಬಹುದು. ದುಡ್ಡು ಕೊಟ್ಟು ಹೊಸದಾಗಿ ಬರೆಸಿದ ಪ್ರಬಂಧವಂತೂ ಇದರ ಕೈಗೆ ಸಿಗುವುದು ಕಷ್ಟ.

ಎರಡನೆಯದು ಎಐ ಪತ್ತೆ ಟೂಲ್. ಬರಹ ಮನುಷ್ಯರದ್ದೋ ಚಾಟ್‌ಜಿಪಿಟಿಯಂಥ ಯಂತ್ರದ್ದೋ ಎಂದು ಇದು ಬರೀ ಅಂದಾಜು ಹೇಳುತ್ತದೆ, ಪುರಾವೆ ಕೊಡುವುದಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ತಂದ ತನ್ನದೇ ಟೂಲನ್ನು ನಿಖರತೆ ಸಾಲದೆಂದು ಜುಲೈನಲ್ಲೇ ನಿಲ್ಲಿಸಿತು. ಇಂಗ್ಲಿಷ್ ತಾಯ್ನುಡಿಯಲ್ಲದವರ ಬರಹವನ್ನು ಇಂಥ ಟೂಲ್‌ಗಳು ಯಂತ್ರದ್ದೆಂದು ತಪ್ಪಾಗಿ ಗುರುತಿಸುವುದೂ ಉಂಟು. ಕಷ್ಟಪಟ್ಟು ಬರೆದವರ ಮೇಲೆ ಕಳ್ಳತನದ ಆರೋಪ ಬಂದರೆ ಎಷ್ಟು ನೋವು, ಅಲ್ವಾ? ಇದೊಂದನ್ನೇ ನಂಬಿ ಶಿಕ್ಷೆ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಮೂರನೆಯದು ಎದುರು ಕೂತು ಕೇಳುವುದು. ಕರಡು ಎಲ್ಲಿ? ಈ ವಾದ ಯಾಕೆ ಆರಿಸಿಕೊಂಡೆ? ಇದಕ್ಕೆ ಸಮಯ ಜಾಸ್ತಿ ಬೇಕು. ಅಂಜುವ ಮಕ್ಕಳು ಗೊತ್ತಿದ್ದೂ ತಡವರಿಸಬಹುದು, ಅವರಿಗೆ ಬರೆದು ಉತ್ತರಿಸಲು ಬಿಡಿ. ತರಗತಿ ದೊಡ್ಡದಿದ್ದರೆ ಮೊದಲು ಹೋಲಿಕೆ ಸಾಫ್ಟ್‌ವೇರ್, ಆಮೇಲೆ ಅನುಮಾನವಿದ್ದವರ ಜೊತೆ ಮಾತು. ಚಿಕ್ಕದಿದ್ದರೆ ನೇರ ಮಾತಿಗೇ ಹೋಗಿ.